ನಮ್ಮ ಕೋಡ್ ಯಾರದ್ದು? ಕಲಬುರಗಿಯಲ್ಲಿ ಕೂತು ಕಾಪಿರೈಟ್, ಓಪನ್ ಸೋರ್ಸ್ ಲೈಸೆನ್ಸ್ ಮಾಡಿಸಿದ ಕತೆ

ಹೋದ ವಾರ ನಮ್ಮ ತಂತ್ರಾಂಶದ ಕಾಪಿರೈಟ್ ನೋಂದಣಿಯ ಪ್ರಮಾಣಪತ್ರ ಇಮೇಲ್‌ಗೆ ಬಂತು. ಇರುವುದು ಒಂದೇ ಹಾಳೆ. ಅದರ ಹಿಂದೆ ಹೆಚ್ಚುಕಡಿಮೆ ಒಂದು ವರ್ಷದ ಓಡಾಟ ಇದೆ. ಜಾಸ್ತಿ ಕಾಡಿದ್ದು ಅಂದರೆ, ಕಲಬುರಗಿಯಲ್ಲಿ ಇದನ್ನೆಲ್ಲ ಯಾರ ಹತ್ತಿರ ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಎಂದು ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ನೆನಪು ಹಸಿ ಇರುವಾಗಲೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಂತ್ರಾಂಶ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಇಲ್ಲಿನ ಮಾರುಕಟ್ಟೆ ನೆಹರು ಗಂಜ್‌ಗೆ ರೈತರು ತೊಗರಿ ತರುತ್ತಾರೆ. ಅಡತ್ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಅಂಗಡಿಯಲ್ಲಿ, ತೂಕ, ದರ, ಹಮಾಲಿ ಎಲ್ಲ ಬರೆದು, ಖರ್ಚು ಕಳೆದು, ರೈತನ ಕೈಗೆ ಬರುವ ಹಣದ ಪಟ್ಟಿ ಕೊಡುತ್ತಾರೆ. ನಮ್ಮ ತಂತ್ರಾಂಶ ಆ ಪಟ್ಟಿಯನ್ನು ಕನ್ನಡದಲ್ಲಿ ಮಾಡಿಕೊಡುತ್ತದೆ. ಮೊತ್ತ ಅಂಕಿಯಲ್ಲೂ ಬರುತ್ತದೆ, ಅಕ್ಷರದಲ್ಲೂ ಬರುತ್ತದೆ. ಬರೆದವರು ಮೂವರು. ನಾನು ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡನೆಯವನು ನನ್ನ ಕ್ಲಾಸ್‌ಮೇಟ್, ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಮೂರನೆಯವಳು ಆಗ ಕೊನೆಯ ವರ್ಷದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿ.

ಕೋಡ್ (ನಾವು ಬರೆದ ಪ್ರೋಗ್ರಾಂ ಸಾಲುಗಳು) ಎಲ್ಲರಿಗೂ ಕಾಣುವಂತೆ, ಕೋಡ್ ಇಟ್ಟು ಹಂಚುವ ಜಾಲತಾಣ ಗಿಟ್‌ಹಬ್‌ನಲ್ಲೇ ಇತ್ತು, ಲೈಸೆನ್ಸ್ ಇನ್ನೂ ಆರಿಸಿರಲಿಲ್ಲ. ಅಷ್ಟರಲ್ಲಿ ರೈತರ ಸಂಘವೊಂದು ಇದನ್ನು ಬಳಸಲು ಮುಂದೆ ಬಂತು. ಅವರ ಕಾರ್ಯದರ್ಶಿ ಕೇಳಿದ್ದು ಇಷ್ಟೇ: "ಇದರ ಮಾಲೀಕ್ರು ಯಾರ್ರಿ ಸರ್? ನಾವು ವಾಪರಿಸಬೌದು ಅಂತ ಒಂದು ಕಾಗದ ಕೊಡ್ರಿ." ನ್ಯಾಯವಾದ ಮಾತು. ನಾಳೆ ಯಾರೋ ಬಂದು ಇದು ನಮ್ಮದು ಅಂದರೆ ಸಂಘ ಏನು ಮಾಡಬೇಕು?

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ, ತುಂಬ ಜನ ಇಲ್ಲೇ ಎಡವುತ್ತಾರೆ. ಕೋಡ್ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಕೋಡ್, ಆಗಲ್ಲ. ಬರೆದ ಕ್ಷಣದಿಂದಲೇ ಕಾಪಿರೈಟ್ ಹುಟ್ಟುತ್ತದೆ, ಎಲ್ಲ ಹಕ್ಕೂ ಬರೆದವರ ಹತ್ತಿರವೇ ಉಳಿಯುತ್ತದೆ. ಲೈಸೆನ್ಸ್ ಇಲ್ಲದ ಕೋಡನ್ನು ಬೇರೆಯವರು ತಮ್ಮ ಕೆಲಸಕ್ಕೆ ನಕಲು ಮಾಡಿ, ಬದಲಿಸಿ, ಹಂಚುವ ಹಾಗಿಲ್ಲ. ಅದನ್ನು ಬಿಟ್ಟುಕೊಡುವುದು ಲೈಸೆನ್ಸ್. ಆದರೆ ಬಿಟ್ಟುಕೊಡುವವನು ಮೊದಲು ಮಾಲೀಕನಾಗಿರಬೇಕು, ಅಲ್ವಾ?

ಪರಿಚಯದವರೊಬ್ಬರು ಇಲ್ಲಿನ ಹೈಕೋರ್ಟ್ ಪೀಠದ ವಕೀಲರ ಹತ್ತಿರ ಕಳಿಸಿದರು. ಅವರದ್ದು ಹೆಚ್ಚಾಗಿ ಜಮೀನು, ಸರ್ವಿಸ್ ಕೇಸು. ಆದರೂ ನನ್ನ ಮಾತು ಪೂರ್ತಿ ಕೇಳಿ, 1957ರ ಕಾಪಿರೈಟ್ ಕಾಯ್ದೆಯ ಪುಸ್ತಕ ತರಿಸಿ, ನನ್ನ ಎದುರೇ ಪುಟ ತಿರುವಿದರು. ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ನೋಂದಣಿ ಕಡ್ಡಾಯ ಅಲ್ಲ. ಹಕ್ಕು ಬರೆದವರು ಬದುಕಿರುವವರೆಗೆ, ಆಮೇಲೆ 60 ವರ್ಷ. ಇಷ್ಟು ಹೇಳಿ ಕನ್ನಡಕ ತೆಗೆದು ಕೇಳಿದರು: "ನೀವ್ ಬರದೀರಿ ಅಂದ್ರ ನಿಮ್ದೇ ಅದ. ಆದ್ರ ನೀವ್ ಒಬ್ರೇ ಬರದೀರೇನ್ರಿ? ನೌಕರಿ ಮಾಡ್ಕೋತ ಬರದೀರೇನ್ರಿ?"

ಇಡೀ ವರ್ಷದ ಕೆಲಸ ಆ ಎರಡು ಪ್ರಶ್ನೆಗಳಲ್ಲೇ ಇತ್ತು.

ಕಾಯ್ದೆಯ 17ನೇ ಕಲಂ ನೋಡಿ. ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ನೌಕರಿ ಕೊಟ್ಟವರು. ನಾನು ಬರೆದದ್ದು ರಾತ್ರಿ ಮನೆಯಲ್ಲಿ, ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ. ನನ್ನ ನೌಕರಿ ಪಾಠ ಮಾಡುವುದು, ಅಡತ್ ಅಂಗಡಿಗೆ ತಂತ್ರಾಂಶ ಬರೆಯುವುದಲ್ಲ. ಆದರೆ ವಿದ್ಯಾರ್ಥಿನಿ ಇದರ ಒಂದು ಭಾಗವನ್ನು ಪ್ರಾಜೆಕ್ಟ್ ವರದಿಯಲ್ಲಿ ತೋರಿಸಿದ್ದಳು, ವರದಿಯ ಮೇಲೆ ಕಾಲೇಜಿನ ಹೆಸರಿತ್ತು. ವಕೀಲರು "ಬಾಯಿಮಾತು ಬ್ಯಾಡ, ಬರವಣಿಗಿ ತಗೋರಿ" ಅಂದರು.

ಕಾಲೇಜಿಗೆ ಅರ್ಜಿ ಕೊಟ್ಟೆ. ಅದು ವಿಭಾಗದಿಂದ ಪ್ರಾಂಶುಪಾಲರಿಗೆ, ಅಲ್ಲಿಂದ ಆಡಳಿತ ಕಚೇರಿಗೆ ಹೋಯಿತು. ಇಂಥ ಅರ್ಜಿ ಅಲ್ಲಿ ಯಾರೂ ನೋಡಿರಲಿಲ್ಲ. ಒಬ್ಬರು ಪೇಟೆಂಟ್ ಮಾಡಿಸಿ ಅಂದರು. ನಮ್ಮ ಪೇಟೆಂಟ್ ಕಾಯ್ದೆಯ 3ನೇ ಕಲಂ ಬರೀ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಪೇಟೆಂಟ್‌ನಿಂದ ಹೊರಗಿಟ್ಟಿದೆ ಎಂದು ವಿವರಿಸಿದೆ. ಇನ್ನೊಬ್ಬರು "ನಮ್ಮ ತೊಗರಿಗೆ ಜಿಐ ಸಿಕ್ಕದಲ್ರಿ, ಹಂಗೇನು ಇದು?" ಅಂತ ಕೇಳಿದರು. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಸಿಕ್ಕ ಜಿಐ, ಅಂದರೆ ಭೌಗೋಳಿಕ ಸೂಚಕ, ಈ ಭಾಗದ ಬೆಳೆಗಾರರೆಲ್ಲರ ಹೆಸರು ಕಾಯುವಂಥದ್ದು. ಕಾಪಿರೈಟ್ ಬರೆದವನ ಬರವಣಿಗೆ ಕಾಯುವಂಥದ್ದು. ಎರಡೂ ಬೇರೆ ಬೇರೆ ಕಾಯ್ದೆ. ಮೂರನೆಯವರು ಸುಮ್ನೆ ಒಂದು ಮಾತು ಎಸೆದರು: "ಕಾಲೇಜಿನಾಗ ಇದ್ದೀರಿ ಅಂದಮ್ಯಾಲ ಅದು ಕಾಲೇಜಿಂದೇ ಆಯ್ತಲ್ರಿ." ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ನಿದ್ದೆಗೆಟ್ಟು ಬರೆದದ್ದು ಒಂದು ಮಾತಿನಲ್ಲಿ ಕೈತಪ್ಪಿ ಹೋಗುತ್ತಾ ಅನ್ನುವ ಭಯ ಇತ್ತಲ್ಲ, ಅದನ್ನು ಅನುಭವಿಸಿದವರಿಗೇ ಗೊತ್ತು.

ಕೊನೆಗೆ ಕೆಲಸ ಮಾಡಿದ್ದು ಅರ್ಜಿಯ ಭಾಷೆ. ಮೊದಲ ಅರ್ಜಿಯಲ್ಲಿ ಅನುಮತಿ ಕೊಡಿ ಎಂದಿತ್ತು. ವಕೀಲರು ಅದನ್ನು ಬದಲಿಸಿ, ಈ ತಂತ್ರಾಂಶದ ಮೇಲೆ ಸಂಸ್ಥೆಗೆ ಯಾವ ಹಕ್ಕಿನ ಬೇಡಿಕೆಯೂ ಇಲ್ಲ ಎಂದು ದೃಢಪಡಿಸಿ ಅಂತ ಬರೆಸಿದರು. ಜೊತೆಗೆ ಏನು, ಎಲ್ಲಿ, ಯಾವ ಯಂತ್ರದಲ್ಲಿ ಬರೆದದ್ದು ಎಂಬ ಒಂದು ಪುಟದ ವಿವರ ಇಟ್ಟೆವು. ಎರಡನೇ ಅರ್ಜಿಗೆ ಸಹಿ ಬಿತ್ತು. ಪ್ರಾಂಶುಪಾಲರು ಕರೆದು ಅಭಿನಂದಿಸಿದರು ಕೂಡ.

ಗೆಳೆಯನ ವಿಷಯ ಇನ್ನೂ ಸೂಕ್ಷ್ಮ. ಅವನ ನೇಮಕಾತಿ ಒಪ್ಪಂದದಲ್ಲಿ, ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿ ಬರೆದದ್ದೆಲ್ಲ ಕಂಪನಿಗೆ ಸೇರುತ್ತದೆ ಎಂಬ ಸಾಲು ಇತ್ತು. ಅಡತ್ ಲೆಕ್ಕ ಅವರ ವ್ಯವಹಾರವೇ ಅಲ್ಲ. ಆದರೆ ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಶಾರ್ಟ್‌ಲಾಗ್ ಆದೇಶ ಕೊಟ್ಟು, ಯಾರು ಎಷ್ಟು ಬರೆದಿದ್ದಾರೆ ಎಂದು ಇಮೇಲ್ ಸಮೇತ ಪಟ್ಟಿ ತೆಗೆದಾಗ ಅವನ ಹೆಸರು ಎರಡು ಕಡೆ ಬಂತು. ಒಂದು ಸ್ವಂತ ಇಮೇಲ್, ಇನ್ನೊಂದು ಆಫೀಸಿನದ್ದು. ಕೆಲವು ಕಮಿಟ್‌ಗಳು, ಅಂದರೆ ಅವನು ಮಾಡಿದ ಕೋಡ್ ಬದಲಾವಣೆಗಳು, ಆಫೀಸ್ ವಿಳಾಸದ ಕೆಳಗೆ ದಾಖಲಾಗಿದ್ದವು. ಪಟ್ಟಿ ನೋಡಿ ಅವನ ಮುಖ ಬಾಡಿತು. "ನೌಕರಿಗೆ ಸಂಚಕಾರ ಬರಬಾರದಪ್ಪ" ಅಂದ. ಮುಚ್ಚಿಡುವುದು ಬೇಡ ಎಂದು ಇಬ್ಬರೂ ಸೇರಿ ಎಚ್‌ಆರ್‌ಗೆ ಪೂರ್ತಿ ವಿವರ ಬರೆದೆವು, ಆ ಕಮಿಟ್‌ಗಳ ಪಟ್ಟಿಯನ್ನೂ ಲಗತ್ತಿಸಿದೆವು. ತಿಂಗಳುಗಟ್ಟಲೆ ಉತ್ತರ ಇಲ್ಲ. ಆಮೇಲೆ ಅವರ ಕಾನೂನು ವಿಭಾಗದಿಂದ ಪ್ರಶ್ನೆಗಳು. ಕಡೆಗೆ, ಆ ಕಮಿಟ್‌ಗಳೂ ಸೇರಿ ಇಡೀ ಪ್ರಾಜೆಕ್ಟ್ ಅವನ ವೈಯಕ್ತಿಕ ಕೆಲಸ ಎಂದು ಒಪ್ಪುವ ಪತ್ರ ಬಂತು.

ನೀವು ಈ ದಾರಿಯಲ್ಲಿದ್ದರೆ ಇವತ್ತೇ ಆ ಪಟ್ಟಿ ತೆಗೆದು ನೋಡಿ. ಲೈಸೆನ್ಸ್ ಬಗ್ಗೆ ಓದುವುದು ಆಮೇಲೆ ಇರಲಿ.

ವಿದ್ಯಾರ್ಥಿನಿಯ ಕೋಡ್ ಅವಳದ್ದೇ. ಅವಳು ಯಾರ ನೌಕರಿಯಲ್ಲೂ ಇರಲಿಲ್ಲ. ಆದರೆ ಅವಳ ಭಾಗದಲ್ಲಿ ಬೇರೆ ತೊಡಕು ಸಿಕ್ಕಿತು. ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಭಾಗ ಅವಳದ್ದು. ಇದು ಕೇಳಿದಷ್ಟು ಸುಲಭ ಅಲ್ಲ. 7,000 ಬಂದರೆ 'ಏಳು ಸಾವಿರ' ಸಾಕು. 7,450 ಬಂದರೆ 'ಏಳು ಸಾವಿರದ ನಾನೂರ ಐವತ್ತು' ಆಗಬೇಕು. ಸಾವಿರ 'ಸಾವಿರದ' ಆಗುತ್ತದೆ, ನಾನೂರು 'ನಾನೂರ' ಆಗುತ್ತದೆ. ಇನ್ನೂರು, ಮುನ್ನೂರು, ಐನೂರು, ಒಂದೊಂದಕ್ಕೂ ಅದರದ್ದೇ ರೂಪ. ಇದಕ್ಕೆ ಬೇಕಾದ ಕೋಷ್ಟಕ ಮತ್ತು ನಿಯಮಗಳ ಒಂದು ಭಾಗವನ್ನು ಅವಳು ಬೇರೊಬ್ಬರ ಕೋಡ್ ಭಂಡಾರದಿಂದ ತಂದಿದ್ದಳು, ಮೇಲೆ ಅವರ ಹೆಸರನ್ನೂ ಹಾಕಿದ್ದಳು. ಆದರೆ ಆ ಭಂಡಾರಕ್ಕೂ ಲೈಸೆನ್ಸ್ ಇರಲಿಲ್ಲ. ಹೆಸರು ಹಾಕುವುದು ಸೌಜನ್ಯ, ಅದೇ ಅನುಮತಿ ಆಗಲ್ಲ. ಮೂಲ ಲೇಖಕರಿಗೆ ವಿನಯದಿಂದ ಒಂದು ಪತ್ರ ಬರೆದೆವು. ಅವರು ಸಂತೋಷದಿಂದ ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಸೇರಿಸಿದರು. ಉತ್ತರ ಬರದಿದ್ದರೆ ಆ ಭಾಗ ಕಿತ್ತು ಹೊಸದಾಗಿ ಬರೆಯುವುದೊಂದೇ ದಾರಿ ಇತ್ತು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು.

ಫಾಂಟ್ ಕೂಡ ಮರೆಯಬೇಡಿ. ಪಟ್ಟಿ ಪ್ರಿಂಟ್ ಮಾಡಲು ಬಳಸುತ್ತಿದ್ದ ಒಂದು ಹಳೇ ಫಾಂಟ್‌ನ ಮೂಲವೇ ಗೊತ್ತಿರಲಿಲ್ಲ. ಅದನ್ನು ತೆಗೆದು ನೋಟೋ ಸಾನ್ಸ್ ಕನ್ನಡ ಹಾಕಿದೆವು. ಅದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ. ತಂತ್ರಾಂಶದ ಜೊತೆ ಸೇರಿಸಿ ಹಂಚಬಹುದು, ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ, ಅದರ ಲೈಸೆನ್ಸ್ ಫೈಲ್ ಜೊತೆಯಲ್ಲೇ ಇರಬೇಕು.

ಈಗ ಮೂವರ ಕೋಡೂ ಮೂವರದ್ದೇ ಎಂದು ಗಟ್ಟಿಯಾಯಿತು. ಎಲ್ಲ ಹಕ್ಕನ್ನೂ ನನ್ನ ಹೆಸರಿಗೆ ಬರೆದುಕೊಡುತ್ತೇವೆ, ಕೆಲಸ ಸರಳ ಆಗುತ್ತದೆ ಎಂದು ಇಬ್ಬರೂ ಹೇಳಿದರು. ವಕೀಲರು 19ನೇ ಕಲಂ ತೋರಿಸಿದರು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಅವಧಿಗೆ ಎಂದು ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇಂಟರ್ನೆಟ್‌ನಿಂದ ನಕಲು ಮಾಡಿದ ಒಂದು ಪ್ಯಾರಾಕ್ಕೆ ಸಹಿ ಹಾಕಿ ಕೂತಿದ್ದರೆ 5 ವರ್ಷಕ್ಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ನನಗೂ ಅವರಿಬ್ಬರ ಹಕ್ಕು ಕಿತ್ತುಕೊಳ್ಳುವುದು ಸರಿ ಅನ್ನಿಸಲಿಲ್ಲ. ಮೂವರೂ ಜಂಟಿ ಮಾಲೀಕರಾಗಿ ಉಳಿದೆವು. ಇಂಥ ಲೈಸೆನ್ಸ್‌ನಲ್ಲಿ, ಜಗತ್ತಿನಾದ್ಯಂತ, ಕಾಪಿರೈಟ್ ಇರುವಷ್ಟು ಕಾಲ ಬಿಡುಗಡೆ ಮಾಡಲು ಮೂವರೂ ಒಪ್ಪಿದ್ದೇವೆ ಎಂದು ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದೆವು.

ಇನ್ನು ಲೈಸೆನ್ಸ್. "ಎಂಐಟಿ ಹಾಕಿ ಮುಗಸಪ್ಪ" ಎಂದು ಗೆಳೆಯ. ಎಂಐಟಿ ತುಂಬ ಚಿಕ್ಕದು, ಒಳ್ಳೆಯದು. ನಮ್ಮ ಹೆಸರು ಮತ್ತು ಆ ಲೈಸೆನ್ಸ್ ಪಠ್ಯ ಉಳಿಸಿಕೊಂಡು ಯಾರು ಏನು ಬೇಕಾದರೂ ಮಾಡಬಹುದು, ಬದಲಿಸಿದ ಕೋಡ್ ಮುಚ್ಚಿಟ್ಟು ಮಾರಬಹುದು. ನನಗೆ ಅಲ್ಲೇ ಕಸಿವಿಸಿ. ಬಿಲ್ಲಿಂಗ್ ತಂತ್ರಾಂಶ ಮಾರುವವರು ಇದನ್ನು ಎತ್ತಿಕೊಂಡು, ಮುಚ್ಚಿ, ವರ್ಷಕ್ಕಿಷ್ಟು ಅಂತ ಅಡತ್ ಅಂಗಡಿಗಳಿಗೇ ಮಾರಬಹುದು. ಪಟ್ಟಿಯಲ್ಲಿ ಒಂದು ಸಾಲು ಬದಲಾಗಬೇಕೆಂದರೂ ಅಂಗಡಿಯವರು ಅವರ ಬಾಗಿಲಿಗೇ ಹೋಗಬೇಕು. ರೈತನ ಕೈಗೆ ಹೋಗುವ ಲೆಕ್ಕ ಇದು. ಅದು ಹೇಗೆ ಲೆಕ್ಕ ಹಾಕುತ್ತದೆ ಎಂದು ಬೇಕಾದವರು ತೆರೆದು ನೋಡುವಂತೆ ಇರಲೇಬೇಕು ಎಂಬುದು ನನ್ನ ಹಟ.

ಜಿಪಿಎಲ್ ಎಂಬ ಇನ್ನೊಂದು ಲೈಸೆನ್ಸ್‌ನ 3ನೇ ಆವೃತ್ತಿ, 2007ರದ್ದು, ಈ ಕೆಲಸ ಮಾಡುತ್ತದೆ. ತಂತ್ರಾಂಶದ ಪ್ರತಿ ಕೊಟ್ಟವರು ಅದರ ಸೋರ್ಸ್ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಆದರೆ ನಮ್ಮದು ಬ್ರೌಸರ್‌ನಲ್ಲಿ ನಡೆಯುತ್ತದೆ. ಯಾರಾದರೂ ತಮ್ಮ ಸರ್ವರ್‌ನಲ್ಲಿ ಇಟ್ಟು ಸೇವೆಯಾಗಿ ಕೊಟ್ಟರೆ ಪ್ರತಿ ಕೊಟ್ಟ ಹಾಗಾಗಲ್ಲ, ಸೋರ್ಸ್ ಕೊಡುವ ಬಾಧ್ಯತೆಯೂ ಬರಲ್ಲ. ಆ ಕಿಂಡಿ ಮುಚ್ಚಲೆಂದೇ ಅದೇ ವರ್ಷ ಎಜಿಪಿಎಲ್ ಎಂಬ ಲೈಸೆನ್ಸ್‌ನ 3ನೇ ಆವೃತ್ತಿ ಬಂತು. ಕೋಡ್ ಬದಲಿಸಿ ನೆಟ್‌ವರ್ಕ್ ಮೂಲಕ ಬಳಸಲು ಕೊಟ್ಟರೂ ಬಳಸುವವರಿಗೆ ಸೋರ್ಸ್ ಸಿಗುವಂತೆ ಮಾಡಬೇಕು. ನಾವು ಎಜಿಪಿಎಲ್ ಆರಿಸಿದೆವು. ನಾವು ಬಳಸಿದ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಂಐಟಿ ಮತ್ತು ಅಪಾಚೆ 2.0 ಲೈಸೆನ್ಸ್‌ನವು. ಅಪಾಚೆ 2.0ರ ಕೋಡ್ ಜಿಪಿಎಲ್, ಎಜಿಪಿಎಲ್ ಎರಡರ 3ನೇ ಆವೃತ್ತಿಯ ಜೊತೆಗೂ ಹೊಂದುತ್ತದೆ, ಜಿಪಿಎಲ್‌ನ 2ನೇ ಆವೃತ್ತಿಯ ಜೊತೆ ಹೊಂದಲ್ಲ. ನಿಮ್ಮ ಲೈಬ್ರರಿಗಳ ಪಟ್ಟಿಯನ್ನೂ ಹೀಗೇ ತಾಳೆ ನೋಡಿ.

ಮೊತ್ತವನ್ನು ಅಕ್ಷರಕ್ಕೆ ತರುವ ಭಾಗವನ್ನು ಮಾತ್ರ ಬೇರೆ ಮಾಡಿ ಎಂಐಟಿಯಲ್ಲೇ ಬಿಟ್ಟೆವು. ಕನ್ನಡದಲ್ಲಿ ರಸೀದಿ ಬರೆಯುವ ಯಾವ ತಂತ್ರಾಂಶಕ್ಕೂ ಅದು ಬೇಕಾಗುತ್ತದೆ, ಎಲ್ಲ ಕಡೆ ಹೋಗಲಿ. ಇದು ವಿದ್ಯಾರ್ಥಿನಿಯ ಸಲಹೆ, ನನಗೆ ತುಂಬ ಹಿಡಿಸಿತು.

ವಾಣಿಜ್ಯಕ್ಕೆ ಬಳಸಬಾರದು ಅಂತ ಒಂದು ಷರತ್ತು ಹಾಕಿಬಿಡಿ ಎಂದು ಹೇಳುವವರು ನಿಮಗೂ ಸಿಗುತ್ತಾರೆ. ಹಾಕಿದರೆ ಅದು ಓಪನ್ ಸೋರ್ಸ್ ಅನ್ನಿಸಿಕೊಳ್ಳಲ್ಲ. ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆಯ ವ್ಯಾಖ್ಯೆಯಲ್ಲಿ ಯಾವ ಕೆಲಸಕ್ಕೂ ಭೇದ ಮಾಡಬಾರದು ಎಂದು ಇದೆ. ಅಡತ್ ಅಂಗಡಿಯೇ ವ್ಯಾಪಾರ ತಾನೇ, ಅವರನ್ನೇ ಹೊರಗಿಟ್ಟು ಯಾರಿಗೆ ಕೊಡುವುದು?

ಗಂಜ್‌ನಲ್ಲಿ ಇನ್ನೊಂದು ಭಯ ಹಬ್ಬಿತ್ತು. ಹಿರಿಯ ವ್ಯಾಪಾರಿಯೊಬ್ಬರು ಕರೆದು ಕೂಡಿಸಿ ಕೇಳಿದರು: "ಸೋರ್ಸ್ ಓಪನ್ ಅಂದ್ರ ನಮ್ಮ ಖಾತಿನೂ ಓಪನ್ ಏನ್ರಿ?" ಎಷ್ಟು ಸರಿಯಾದ ಪ್ರಶ್ನೆ! ಲೈಸೆನ್ಸ್ ಅನ್ವಯಿಸುವುದು ಕೋಡ್‌ಗೆ. ಅವರ ಲೆಕ್ಕ, ರೈತರ ಹೆಸರು, ಬ್ಯಾಂಕ್ ವಿವರ ಎಲ್ಲ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ಅದನ್ನು ಯಾರಿಗೂ ಕೊಡಬೇಕಿಲ್ಲ. ಇದನ್ನು ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಕನ್ನಡದಲ್ಲಿ ಬರೆದೆ. ಲೈಸೆನ್ಸ್‌ನ ಸಾರಾಂಶವನ್ನೂ ಕನ್ನಡದಲ್ಲಿ ಕೊಟ್ಟು, ಕಾನೂನಿಗೆ ಇಂಗ್ಲಿಷ್ ಮೂಲವೇ ಅಂತಿಮ ಎಂದು ಕೆಳಗೆ ಸೇರಿಸಿದೆ.

ಕಡೆಗೆ ಕೋಡ್‌ನಲ್ಲಿ ಮಾಡುವ ಕೆಲಸ ಒಂದು ಸಂಜೆಯದ್ದು. ಲೈಸೆನ್ಸ್‌ನ ಪೂರ್ತಿ ಪಠ್ಯ, ಒಂದಕ್ಷರ ಬದಲಿಸದೆ, ಒಂದು ಫೈಲ್‌ನಲ್ಲಿ. ಪ್ರತಿ ಫೈಲ್‌ನ ತಲೆಯಲ್ಲಿ ಕಾಪಿರೈಟ್ ಸಾಲು, ವರ್ಷ, ಮೂವರ ಹೆಸರು, ಎಸ್‌ಪಿಡಿಎಕ್ಸ್ ಗುರುತು. ಆ ಗುರುತು ಇದ್ದರೆ ಯಂತ್ರವೂ ಲೈಸೆನ್ಸ್ ಓದಬಲ್ಲದು.

ನೋಂದಣಿ ಕಡ್ಡಾಯ ಅಲ್ಲ ಅಂದೆನಲ್ಲ, ಮತ್ತೆ ಯಾಕೆ ಮಾಡಿಸಿದಿರಿ ಅಂದರೆ, ಸಂಘದ ಕಾರ್ಯದರ್ಶಿ ಕೇಳಿದ ಕಾಗದ. 48ನೇ ಕಲಂ ಪ್ರಕಾರ ಕಾಪಿರೈಟ್ ರಿಜಿಸ್ಟರ್‌ನಲ್ಲಿ ಇರುವುದು ಮೇಲ್ನೋಟದ ಸಾಕ್ಷಿ. ಅದು ತಪ್ಪು ಎಂದು ತೋರಿಸುವ ಹೊಣೆ ಎದುರಿನವರ ಮೇಲೆ ಬೀಳುತ್ತದೆ. ದೆಹಲಿಯ ದ್ವಾರಕಾದಲ್ಲಿರುವ ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ದೆಹಲಿಗೆ ಹೋಗಬೇಕಿಲ್ಲ. ನಮೂನೆ 14, ಜೊತೆಗೆ ಎರಡು ವಿವರ ಪಟ್ಟಿ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ತಂತ್ರಾಂಶಕ್ಕೂ ಅಷ್ಟೇ. ಸ್ಟ್ಯಾಂಪ್ ಪೇಪರ್, ನೋಟರಿ, ವಕೀಲರ ಫೀ ಇದಕ್ಕಿಂತ ಜಾಸ್ತಿಯಾಯಿತು.

ನಮೂನೆಯಲ್ಲಿ ಕೃತಿ ಪ್ರಕಟವಾಗಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಸಾರ್ವಜನಿಕ ಭಂಡಾರದಲ್ಲಿ ಇದ್ದದ್ದರಿಂದ ಪ್ರಕಟ ಎಂದು ಹಾಕಿ, ಮೊದಲು ಹಾಕಿದ ವರ್ಷ, ದೇಶ ಬರೆದೆವು. ಕೃತಿಯ ಭಾಷೆ ಎಂಬ ಕಾಲಂಗೆ ಇಂಗ್ಲಿಷ್ ಎಂದು ಬರೆದೆವು, ಪ್ರಶ್ನೆ ಬರಲಿಲ್ಲ.

2021ರ ನಿಯಮ ತಿದ್ದುಪಡಿಯಂತೆ ಸೋರ್ಸ್ ಕೋಡ್‌ನ ಮೊದಲ 10 ಪುಟ, ಕೊನೆಯ 10 ಪುಟ ಕೊಡಬೇಕು. 20 ಪುಟಕ್ಕಿಂತ ಕಮ್ಮಿ ಇದ್ದರೆ ಪೂರ್ತಿ. ಯಾವ ಸಾಲನ್ನೂ ಮಸಿ ಬಳಿದು ಮುಚ್ಚುವ ಹಾಗಿಲ್ಲ. ನಮ್ಮದು ತೆರೆದ ಕೋಡ್, ಮುಚ್ಚುವುದು ಏನೂ ಇಲ್ಲ. ಆದರೆ ಪಿಡಿಎಫ್ ಮಾಡಿದರೆ ಕೋಡ್ ಒಳಗಿನ ಕನ್ನಡವೆಲ್ಲ ಚೌಕ ಚೌಕ ಡಬ್ಬಿ! 'ಹಮಾಲಿ' ಇರಬೇಕಾದಲ್ಲಿ ಸಾಲಾಗಿ ಡಬ್ಬಿ. ಕೋಡ್ ತೋರಿಸುವ ಫಾಂಟ್‌ನಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಹಾಗೇ ಕಳಿಸಿದ್ದರೆ ಅದು ಮುಚ್ಚಿದ ಸಾಲಿನಂತೆಯೇ ಕಾಣುತ್ತಿತ್ತು. ಎರಡನೇ ಫಾಂಟ್ ಆಗಿ ನೋಟೋ ಕನ್ನಡ ಸೇರಿಸಿದ ಮೇಲೆ ಸರಿಹೋಯಿತು. ಅಪ್‌ಲೋಡ್ ಮಾಡುವ ಮೊದಲು ಒಂದೊಂದು ಪುಟವನ್ನೂ ಕಣ್ಣಿಟ್ಟು ನೋಡಿ.

ಹಣ ಕಟ್ಟಿದ ಮೇಲೆ ಡೈರಿ ನಂಬರ್ ಬರುತ್ತದೆ. ಅದನ್ನು ಜೋಪಾನ ಮಾಡಿ, ಅರ್ಜಿ ಎಲ್ಲಿದೆ ಎಂದು ನೋಡಲು ಅದೇ ಬೇಕು. ಆಮೇಲೆ 30 ದಿನ ಯಾರಾದರೂ ಆಕ್ಷೇಪಣೆ ಹಾಕುತ್ತಾರಾ ಎಂದು ಕಾಯುವ ಅವಧಿ. ಇದನ್ನು ಕಮ್ಮಿ ಮಾಡಿಸಲು ದಾರಿ ಇಲ್ಲ, ಮಾಡಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ನಮಗೆ ಆಕ್ಷೇಪಣೆ ಬರಲಿಲ್ಲ. ಪರಿಶೀಲನೆಯಲ್ಲಿ ಒಂದು ಪ್ರಶ್ನೆ ಬಂತು. ವಿದ್ಯಾರ್ಥಿನಿಯ ಹೆಸರು ಅರ್ಜಿಯಲ್ಲಿ ಒಂದು ಥರ, ಅವಳು ಸಹಿ ಮಾಡಿದ ನಿರಾಕ್ಷೇಪಣಾ ಪತ್ರದಲ್ಲಿ ಇನ್ನೊಂದು ಥರ. ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಎರಡೂ ಇತ್ತು. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಶಿಯಲ್. ನಮ್ಮ ಕಡೆ ಇದು ಮನೆಮನೆಯ ಕತೆ. ಎರಡೂ ಹೆಸರು ಒಬ್ಬಳದ್ದೇ ಎಂದು ಅಫಿಡವಿಟ್ ಮಾಡಿಸಿ, ಪತ್ರದಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಹಾಕಿದೆವು. ಉತ್ತರ ಹಾಕದೆ ಬಿಟ್ಟರೆ ಅರ್ಜಿ ಅಲ್ಲೇ ಬಿದ್ದುಹೋಗಬಹುದು, ಅದಕ್ಕೆ ಇಮೇಲ್‌ನ ಸ್ಪ್ಯಾಮ್ ಕೂಡ ನೋಡುತ್ತಿರಿ.

ಮತ್ತೆ ತಿಂಗಳುಗಳ ಮೌನ. ಆಮೇಲೆ ಪ್ರಮಾಣಪತ್ರ. ವಿದ್ಯಾರ್ಥಿನಿಗೆ ಫೋನ್ ಮಾಡಿದಾಗ ಅವಳ ತಾಯಿ ಫೋನ್ ಇಸಿದುಕೊಂಡು "ನನ್ನ ಮಗಳ ಹೆಸರು ದಿಲ್ಲಿ ಕಾಗದದಾಗ ಬಂದದೇನ್ರಿ ಸರ್?" ಅಂದರು. ಬಂದದ್ರಿ ಅಮ್ಮ ಅಂದೆ.

ಮುಂದೆ ಹೊಸಬರು ಕೋಡ್ ಕಳಿಸಿದರೆ ಮತ್ತೆ ಇದೇ ಮಾಲೀಕತ್ವದ ಗೋಜಲು ಆಗಬಾರದು. ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಬರೆಯುವವರು 2004ರಿಂದ ಬಳಸುತ್ತಿರುವ ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಪದ್ಧತಿ ತಂದಿದ್ದೇವೆ. ಕಳಿಸುವವರು ಪ್ರತಿ ಕಮಿಟ್‌ನ ಕೆಳಗೆ ತಮ್ಮ ಹೆಸರು, ಇಮೇಲ್ ಹಾಕಿ, ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಸಹಿ ಸಾಲು ಸೇರಿಸುತ್ತಾರೆ. ಆಫೀಸಿನ ಇಮೇಲ್‌ನಿಂದ ಬಂದರೆ ಕಂಪನಿಯ ಒಪ್ಪಿಗೆ ಇದೆಯಾ ಎಂದು ಕೇಳಿಯೇ ಸೇರಿಸುತ್ತೇವೆ. ಇನ್ನು ತಂತ್ರಾಂಶದ ಹೆಸರಿದೆಯಲ್ಲ, ಅದಕ್ಕೆ ಕಾಪಿರೈಟ್ ರಕ್ಷಣೆ ಇಲ್ಲ. ಅದು ಟ್ರೇಡ್‌ಮಾರ್ಕ್ ಕಾಯ್ದೆಯ ವಿಷಯ, ಅರ್ಜಿ ಬೇರೆ, ಶುಲ್ಕ ಬೇರೆ. ಆ ಅರ್ಜಿ ಹಾಕಬೇಕೋ ಬೇಡವೋ ಎಂದು ನಾವು ಮೂವರೂ ಈ ಭಾನುವಾರ ಕೂತು ಮಾತಾಡಲಿದ್ದೇವೆ.